'ಏನಾದ್ರೂ ಪರವಾಗಿಲ್ಲ' ಅನ್ನುವ ಮಾತು ನನ್ನ ಮೂರು ವರ್ಷ ತಿಂದಿತು

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. 2023ರಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದೀರಿ. ಯುವನಿಧಿಯ 3,000 ರೂಪಾಯಿಯೂ ನಿಂತಿದೆ. ಮನಸ್ಸಿಗೆ ತೃಪ್ತಿ ಕೊಡುವ ಕೆಲಸ ಯಾವುದು ಅಂತ ಮೊದಲು ತಿಳಿದುಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ಜೊತೆಗೆ, "ಅಲ್ಲಿಯವರೆಗೆ ಏನಾದ್ರೂ ಸಿಕ್ಕರೆ ಸಾಕು ಅಂತ ದಿನಕ್ಕೆ 40 ಕಡೆ ಅಪ್ಲೈ ಮಾಡ್ತಿದ್ದೀನಿ, ಒಂದೂ ಫೋನ್ ಬರ್ತಿಲ್ಲ" ಅಂತ ಬರೆದಿದ್ದೀರಿ. ನಾನು ಹೇಳಬೇಕಿರುವುದು ಆ 'ಏನಾದ್ರೂ' ಬಗ್ಗೆಯೇ.

ನನ್ನ ಊರು ರಾಣೆಬೆನ್ನೂರು. ಅಪ್ಪ ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. 2013ರಲ್ಲಿ ನನ್ನ ಬಿ.ಇ. ಮುಗಿಯಿತು. ಕ್ಯಾಂಪಸ್ಸಿಗೆ ಬಂದದ್ದು ಎರಡೇ ಕಂಪನಿ, ಎರಡೂ ಸಾಫ್ಟ್‌ವೇರ್, ಎರಡರಲ್ಲೂ ನನಗೆ ಆಗಲಿಲ್ಲ. ಬೆಂಗಳೂರಿಗೆ ಬಸ್ ಹತ್ತುವ ದಿನ ಅಪ್ಪ ಹೇಳಿದರು: "ಯಾರರ ಕೇಳಿದ್ರ ಇಂಥಾದ್ದೇ ಬೇಕು ಅನಬ್ಯಾಡ. ಏನ್ ಕೊಟ್ರೂ ಮಾಡ್ತೇನ್ರಿ ಅನ್ನು." ಅಪ್ಪನ ಮಾತಿನಲ್ಲಿ ಪ್ರೀತಿಯೇ ಇತ್ತು. ಅವರು ಹಾಗೇ ಬದುಕಿದವರು. ನಾನು ಅದನ್ನು ಹಾಗೇ ಪಾಲಿಸಿದೆ.

ಹೆಗ್ಗನಹಳ್ಳಿಯಲ್ಲಿ ದೊಡ್ಡಪ್ಪನ ಮಗನ ರೂಮಿನಲ್ಲಿ ಉಳಿದುಕೊಂಡೆ. ಅಲ್ಲಿಂದ ಪೀಣ್ಯ ಹತ್ತಿರ. ಸಾವಿರಾರು ಸಣ್ಣ ಸಣ್ಣ ಕಾರ್ಖಾನೆಗಳು ಒಂದೇ ಕಡೆ ಇರುವ ಜಾಗ ಅದು. ಆದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಸೈಬರ್ ಸೆಂಟರಿನಲ್ಲಿ ಕೂತು ಅಪ್ಲೈ ಮಾಡುತ್ತಿದ್ದೆ. ಒಂದೇ ರೆಸ್ಯೂಮೆ. ಅದನ್ನೇ ಸೇಲ್ಸಿಗೆ, ಬಿಪಿಒಗೆ, ಡಿಸೈನಿಗೆ, ಪ್ರೊಡಕ್ಷನ್ನಿಗೆ, ಸಿಕ್ಕಸಿಕ್ಕಲ್ಲಿಗೆ ಕಳಿಸುತ್ತಿದ್ದೆ.

ಪೀಣ್ಯಕ್ಕೆ ಮೆಟ್ರೋ ಶುರುವಾದ ತಿಂಗಳು, 2014ರ ಮಾರ್ಚ್. ಅಣ್ಣನ ಮನೆ ಓನರಿಗೆ ಪರಿಚಯದವರೊಬ್ಬರು ಪೀಣ್ಯದಲ್ಲಿ ಸಿಎನ್‌ಸಿ ಶಾಪ್ ಇಟ್ಟಿದ್ದರು, ಅಂದರೆ ಕಂಪ್ಯೂಟರ್ ನಡೆಸುವ ಮಷೀನುಗಳಲ್ಲಿ ಲೋಹದ ಬಿಡಿಭಾಗ ಮಾಡುವ ಜಾಗ. ಮೂವತ್ತು ಜನ ಕೆಲಸಕ್ಕಿದ್ದರು. "ಹೋಗಿ ನೋಡು, ನಾನು ಹೇಳಿದೀನಿ" ಅಂದರು ಓನರ್. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ. ಶಾಪಿನ ಯಜಮಾನರ ಮೇಜಿನ ಮೇಲೆ ಒಂದು ಟ್ರೇ ಇತ್ತು. ಅದರಲ್ಲಿ ಇಪ್ಪತ್ತು-ಇಪ್ಪತ್ತೈದು ಬುಷ್‌ಗಳು (ಶಾಫ್ಟಿನ ಸುತ್ತ ಕೂರುವ ಲೋಹದ ಬಳೆಯಂಥ ಭಾಗ), ಎಲ್ಲದಕ್ಕೂ ಕೆಂಪು ಬಣ್ಣ ಬಳಿದಿತ್ತು. ಅವರು ಒಂದು ಬುಷ್ ಕೈಯಲ್ಲಿ ಹಿಡಿದು ತಿರುಗಿಸುತ್ತಾ ತಿರುಗಿಸುತ್ತಾ ಮಾತಾಡಿದರು.

"ಏನಪ್ಪಾ, ಯಾವ ಕೆಲಸ ನೋಡ್ತಿದೀಯ?"

"ಯಾವುದಾದ್ರೂ ಪರವಾಗಿಲ್ಲ ಸಾರ್. ಏನ್ ಕೊಟ್ರೂ ಮಾಡ್ತೀನಿ."

"ಏನ್ ಬರುತ್ತೆ?"

"ಹೇಳಿಕೊಟ್ರೆ ಎಲ್ಲಾ ಕಲೀತೀನಿ ಸಾರ್."

ಅವರು ರೆಸ್ಯೂಮೆ ಮಡಚಿ ಡ್ರಾಯರಿಗೆ ಹಾಕಿದರು. "ಸರಿ, ಇದ್ರೆ ಹೇಳಿ ಕಳಿಸ್ತೀನಿ." ಹೇಳಿ ಕಳಿಸಲಿಲ್ಲ.

ಅದೇ ವಾರ ಅವರು ಒಬ್ಬ ಡಿಪ್ಲೊಮಾ ಹುಡುಗನನ್ನು ಇನ್‌ಸ್ಪೆಕ್ಷನ್ನಿಗೆ ತೆಗೆದುಕೊಂಡರು. ಇದು ನನಗೆ ಗೊತ್ತಾದದ್ದು ಮೂರು ವರ್ಷದ ಮೇಲೆ. ಆ ಹುಡುಗನ ಜೊತೆಗೇ ಮುಂದೆ ನಾನು ಬೇರೊಂದು ಕಡೆ ಕೆಲಸ ಮಾಡಿದೆ. ಒಂದು ದಿನ ಊಟಕ್ಕೆ ಕೂತಾಗ ಮಾತಿಗೆ ಮಾತು ಬಂತು. "ನೀನೇನು ಹೇಳಿದ್ದೆ ಅವರಿಗೆ?" ಅಂತ ಕೇಳಿದೆ. ಅವನು ಹೇಳಿದ: "ಏನಿಲ್ಲಣ್ಣ. ಡ್ರಾಯಿಂಗ್ ಓದ್ತೀನಿ, ಮೈಕ್ರೋಮೀಟರು, ಹೈಟ್ ಗೇಜು ಹಿಡಿದು ಅಳೆಯೋಕೆ ಬರುತ್ತೆ ಅಂದೆ. ಟೇಬಲ್ ಮೇಲೆ ರಿಜೆಕ್ಟ್ ಮಾಲ್ ಇತ್ತಲ್ಲ, ಐಡಿ (ಒಳಗಿನ ವ್ಯಾಸ) ಜಾಸ್ತಿ ಆಗಿದೆಯಾ ಸಾರ್ ಅಂತ ಕೇಳಿದೆ. ನಾಳೆಯಿಂದ ಬಾ ಅಂದ್ರು."

ಅದೇ ಟ್ರೇ. ನನ್ನ ಮೂಗಿನ ಕೆಳಗೇ ಇತ್ತು. ಕೆಂಪು ಬಣ್ಣ ಅಂದರೆ ರಿಜೆಕ್ಷನ್ ಅಂತ ಬಿ.ಇ. ಓದಿದ ನನಗೆ ಗೊತ್ತಿರಲಿಲ್ಲ ಅಂತಲ್ಲ. ನನ್ನ ಕಣ್ಣು ಅದರ ಮೇಲೆ ಹೋಗಲೇ ಇಲ್ಲ. ನಾನು ನನ್ನ ಕೆಲಸದ ಚಿಂತೆಯಲ್ಲಿದ್ದೆ, ಅವರು ಅವರ ಬುಷ್ ಚಿಂತೆಯಲ್ಲಿದ್ದರು.

ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟೋ ರಾತ್ರಿ ನಾನು ಇದೊಂದನ್ನೇ ಯೋಚಿಸಿದ್ದೇನೆ. 'ಏನಾದ್ರೂ ಮಾಡ್ತೀನಿ' ಅನ್ನುವುದು ವಿನಯ ಅಂತ ನಮಗೆ ಅನಿಸುತ್ತದೆ. ಕೇಳುವವರಿಗೆ ಅದು ಹೊರೆ. ಇವನಿಗೆ ಏನು ಬರುತ್ತೆ, ಎಲ್ಲಿ ಕೂರಿಸಲಿ, ಯಾರು ಕಲಿಸಬೇಕು, ಎಷ್ಟು ತಿಂಗಳು ಸುಮ್ನೆ ಸಂಬಳ ಕೊಡಬೇಕು, ಎಲ್ಲವನ್ನೂ ಅವರೇ ಯೋಚನೆ ಮಾಡಬೇಕು. ನಾನು ಮಾಡಬೇಕಿದ್ದ ಕೆಲಸ ಅದು. ಅದನ್ನು ಅವರ ತಲೆಗೆ ಕಟ್ಟಿ ಬಂದಿದ್ದೆ. ಸಣ್ಣ ಕಾರ್ಖಾನೆ ನಡೆಸುವವರ ತಲೆಯಲ್ಲಿ 'ಖಾಲಿ ಹುದ್ದೆಗಳ ಪಟ್ಟಿ' ಅಂತ ಇರುವುದೇ ಇಲ್ಲ. ತಲೆನೋವುಗಳ ಪಟ್ಟಿ ಇರುತ್ತದೆ. ಮಾಲು ವಾಪಸ್ ಬರುತ್ತಿದೆ, ಮಷೀನ್ ಸೆಟ್ ಮಾಡುವವನು ಕೈಕೊಟ್ಟ, ಡಿಸ್ಪ್ಯಾಚ್ ಲೇಟು. ನೀವು ಹೇಳುವ ಮಾತು ಅದರಲ್ಲಿ ಯಾವುದಾದರೂ ಒಂದಕ್ಕೆ ತಗುಲಿದರೆ ಮಾತ್ರ ನಿಮ್ಮ ಹೆಸರು ಅವರಿಗೆ ನೆನಪಿರುತ್ತದೆ. 'ಏನಾದ್ರೂ' ಅನ್ನುವುದು ಯಾವುದಕ್ಕೂ ತಗುಲುವುದಿಲ್ಲ.

ಇನ್ನೂ ಒಂದು ಇದೆ. ಅದು ನನಗೆ ಅರ್ಥವಾಗಲು ಇನ್ನೂ ತಡವಾಯಿತು. 'ಏನಾದ್ರೂ' ಅಂತ ಹೇಳುತ್ತಾ ಹೇಳುತ್ತಾ ನನಗೇ ನನ್ನ ಬಗ್ಗೆ ಏನೂ ಗೊತ್ತಿಲ್ಲದಂತಾಯಿತು. ಯಾವುದನ್ನೂ ಬೇಡ ಅಂದಿರಲಿಲ್ಲ, ಹಾಗಾಗಿ ಯಾವುದನ್ನೂ ಬೇಕು ಅಂತ ಹಿಡಿದೂ ಇರಲಿಲ್ಲ. ದಿನಕ್ಕೆ 40 ಅರ್ಜಿ ಹಾಕಿದ ಸುಸ್ತು ಇರುತ್ತಿತ್ತು. ಆ ಸುಸ್ತನ್ನೇ ಪ್ರಯತ್ನ ಅಂದುಕೊಂಡೆ.

ಮುಂದಿನ ಎರಡು ವರ್ಷ ಬೇಗ ಹೇಳಿಬಿಡುತ್ತೇನೆ. ಒಂದು ಕನ್ಸಲ್ಟೆನ್ಸಿಗೆ 15,000 ರೂಪಾಯಿ ಕಟ್ಟಿದೆ. ಅಮ್ಮನ ಸರ ಅಡ ಇಟ್ಟ ದುಡ್ಡು ಅದು. ಒಂದು ತಿಂಗಳಲ್ಲಿ ಆ ಆಫೀಸಿಗೆ ಬೀಗ ಬಿತ್ತು. ಆಮೇಲೆ ಕ್ರೆಡಿಟ್ ಕಾರ್ಡ್ ಮಾರುವ ಟೆಲಿಕಾಲಿಂಗ್. ಆಮೇಲೆ ವಿಜಯನಗರದಲ್ಲಿ ಎಫ್‌ಡಿಎ ಕೋಚಿಂಗ್, ಎಂಟು ತಿಂಗಳು.

2016ರಲ್ಲಿ ರೂಮ್ ಬಾಡಿಗೆಗೆ ದುಡ್ಡಿಲ್ಲದೆ ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಯೊಂದರಲ್ಲಿ ಕೌಂಟರಿಗೆ ನಿಂತೆ. ವರ್ನಿಯರ್, ಮೈಕ್ರೋಮೀಟರ್, ಡಯಲ್ ಗೇಜ್ ಮಾರುವುದು. ಅಲ್ಲಿಗೆ ಒಬ್ಬರು ಹಿರಿಯರು ಬರುತ್ತಿದ್ದರು, ಕ್ವಾಲಿಟಿ ವಿಭಾಗದಲ್ಲಿ ಇದ್ದು ರಿಟೈರ್ ಆದವರು. ಅಂಗಡಿಗೆ ಬರುವ ಇನ್‌ಸ್ಟ್ರುಮೆಂಟ್ ರಿಪೇರಿ ನೋಡುತ್ತಿದ್ದರು. ಒಂದು ದಿನ ಪೀಣ್ಯದ ಗಿರಾಕಿಯೊಬ್ಬ ಬಂದು ಜಗಳಕ್ಕೇ ನಿಂತ. "ನೀವು ಕೊಟ್ಟ ಮೈಕ್ರೋಮೀಟರ್ ಸರಿಯಿಲ್ಲ. ಸಂಜೆ ಅಳೆದ್ರೆ ಓಕೆ, ಬೆಳಿಗ್ಗೆ ಅಳೆದ್ರೆ ಅದೇ ಶಾಫ್ಟ್ ಅಂಡರ್‌ಸೈಜ್!"

ಹಿರಿಯರು ಮೈಕ್ರೋಮೀಟರ್ ಕೈಗೆ ತೆಗೆದುಕೊಂಡರು. ಒಂದು ಬಿಳಿ ಕಾಗದದ ಚೂರನ್ನು ಅದರ ಎರಡು ಮುಖಗಳ ನಡುವೆ ಮೆತ್ತಗೆ ಹಿಡಿಸಿ ಎಳೆದರು. ಕಾಗದದ ಮೇಲೆ ಎಣ್ಣೆಯ ಕಪ್ಪು ಗೆರೆ ಬಂತು. ಮತ್ತೊಮ್ಮೆ ಎಳೆದರು, ಸ್ವಚ್ಛ. ಸೊನ್ನೆ ನೋಡಿದರು, ಸರಿಯಿತ್ತು. ಆಮೇಲೆ ಕೇಳಿದರು: "ಶಾಫ್ಟ್ ಮಷೀನಿನಿಂದ ಇಳಿಸಿ ಎಷ್ಟು ಹೊತ್ತಿಗೆ ಅಳೀತೀರಿ?" "ತಕ್ಷಣ." "ಕೈಗೆ ಬಿಸಿ ಹತ್ತುತ್ತಾ?" "ಹತ್ತುತ್ತೆ." ಒಂದು ಬಿಲ್ ಪುಸ್ತಕದ ಹಿಂದೆ ಲೆಕ್ಕ ಬರೆದು ತೋರಿಸಿದರು. 50 ಮಿ.ಮೀ. ಉಕ್ಕಿನ ಶಾಫ್ಟ್ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸುಮಾರು 11-12 ಮೈಕ್ರಾನ್ (ಒಂದು ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ದಪ್ಪ ಆಗುತ್ತದೆ. ರಾತ್ರಿ ತಣ್ಣಗಾದರೆ ಅಷ್ಟೂ ಕಮ್ಮಿ. ಡ್ರಾಯಿಂಗಿನ ಅಳತೆ ಯಾವತ್ತೂ 20 ಡಿಗ್ರಿ ಸೆಲ್ಸಿಯಸ್‌ಗೆ ಅಂತ ಲೆಕ್ಕ. ಗಿರಾಕಿ ಒಂದೂ ಮಾತಾಡದೆ ಆ ಹಾಳೆ ಹರಿದುಕೊಂಡು ಜೇಬಿಗಿಟ್ಟುಕೊಂಡು ಹೋದ.

ನಾಲ್ಕು ವರ್ಷ ಕಾಲೇಜಿನಲ್ಲಿ ಓದಿದ ಥರ್ಮಲ್ ಎಕ್ಸ್‌ಪಾನ್ಷನ್ ಅದು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಂಕಟಕ್ಕಲ್ಲ, ಖುಷಿಗೆ. ಮರುದಿನದಿಂದ ಅಂಗಡಿ ಬಾಗಿಲು ಹಾಕಿದ ಮೇಲೆ ಅವರ ಪಕ್ಕ ಕೂರಲು ಶುರುಮಾಡಿದೆ. ಎರಡು ಸ್ಲಿಪ್ ಗೇಜ್‌ಗಳನ್ನು (ಅಳತೆ ತಾಳೆ ನೋಡಲು ಬಳಸುವ ನಿಖರ ಅಳತೆಯ ಲೋಹದ ತುಂಡುಗಳು) ಒರೆಸಿ, ಒಂದರ ಮೇಲೊಂದು ಇಟ್ಟು ಜಾರಿಸಿ ತಿರುಗಿಸಿದರೆ ಅಂಟೂ ಇಲ್ಲದೆ, ಅಯಸ್ಕಾಂತವೂ ಇಲ್ಲದೆ ಹಿಡಿದುಕೊಳ್ಳುತ್ತವೆ. ಅಷ್ಟು ನುಣುಪು. ಮೊದಲ ಸಲ ನನ್ನ ಕೈಯಲ್ಲಿ ಅವು ಕಚ್ಚಿ ಹಿಡಿದಾಗ ಬೆರಳಿಗೆ ಆದ ಅನುಭವ ಈಗಲೂ ನೆನಪಿದೆ. ಅದಕ್ಕೂ ಮುಂಚೆ ಯಾರಾದರೂ "ನಿನ್ನ ಇಷ್ಟದ ಕೆಲಸ ಯಾವುದು" ಅಂತ ಕೇಳಿದ್ದರೆ, ನೂರು ಕೆಲಸದ ಪಟ್ಟಿ ಮಾಡಿದ್ದರೂ 'ಅಳೆಯುವುದು' ಅಂತ ನಾನು ಬರೆಯುತ್ತಿರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅಂತ ನನಗೆ ಅನಿಸುತ್ತದೆ. ತೃಪ್ತಿ ಕೊಡುವ ಕೆಲಸವನ್ನು ರೂಮಿನಲ್ಲಿ ಕೂತು ಯೋಚಿಸಿ ಕಂಡುಹಿಡಿಯಲು ಆಗುವುದಿಲ್ಲ. ಕೈ ಸ್ವಲ್ಪ ಪಳಗಿದ ಮೇಲೆ ಇಷ್ಟ ಬರುತ್ತದೆ. ಕೆಲವು ಕೆಲಸ ಪಳಗಿದ ಮೇಲೂ ಇಷ್ಟವಾಗುವುದಿಲ್ಲ, ಅದು ಬೇರೆ. ಆದರೆ ಮುಟ್ಟದೇ ಗೊತ್ತಾಗುವುದಿಲ್ಲ.

ಅಲ್ಲಿಂದ ನಾನು ಕೇಳುವ ರೀತಿ ಬದಲಾಯಿತು. ಅಂಗಡಿಗೆ ಬರುವ ಗಿರಾಕಿಗಳಿಗೆ "ಕೆಲಸ ಇದೆಯಾ" ಅಂತ ಕೇಳುವುದನ್ನು ಬಿಟ್ಟೆ. "ನಿಮ್ಮಲ್ಲಿ ಇನ್‌ಸ್ಪೆಕ್ಷನ್ ಯಾರು ನೋಡ್ತಾರೆ ಸಾರ್? ಜಾಸ್ತಿ ರಿಜೆಕ್ಷನ್ ಯಾವುದರಲ್ಲಿ ಬರುತ್ತೆ?" ಅಂತ ಕೇಳುತ್ತಿದ್ದೆ. ಜನ ನಿಂತು ಹೇಳುತ್ತಾರೆ! ತಮ್ಮ ತಲೆನೋವಿನ ಬಗ್ಗೆ ಯಾರಾದರೂ ಕೇಳಿದರೆ ಯಾರಿಗೂ ಬೇಸರವಿಲ್ಲ. ಹನ್ನೊಂದು ಜನರ ಹತ್ತಿರ ಹಾಗೆ ಮಾತಾಡಿದೆ. ಮೂವರು ಅವರಾಗೇ "ಬಂದು ನೋಡು" ಅಂದರು. 2017ರ ಜನವರಿಯಲ್ಲಿ 11,500 ಸಂಬಳಕ್ಕೆ ಲೈನ್ ಇನ್‌ಸ್ಪೆಕ್ಟರ್ ಆಗಿ ಸೇರಿದೆ. ಆಮೇಲೆ ಸಿಎಂಎಂ, ಅಂದರೆ ಪಾರ್ಟನ್ನು ಮೂರು ದಿಕ್ಕಿನಲ್ಲೂ ಅಳೆಯುವ ಮಷೀನು, ಕಲಿತೆ. ಈಗ ಅಳತೆ ಸಾಧನಗಳು ಸರಿಯಿವೆಯಾ ಅಂತ ಪರೀಕ್ಷಿಸುವ ಒಂದು ಕ್ಯಾಲಿಬ್ರೇಷನ್ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ.

ಹೊಸಬರನ್ನು ತೆಗೆದುಕೊಳ್ಳುವಾಗ ಈಗ ರೆಸ್ಯೂಮೆ ನೋಡುವುದು ನಾನೇ. ಹತ್ತರಲ್ಲಿ ಎಂಟರಲ್ಲಿ ಇರುವುದು ಒಂದೇ: ಕಷ್ಟಪಟ್ಟು ದುಡಿಯುತ್ತೇನೆ, ಬೇಗ ಕಲಿಯುತ್ತೇನೆ, ಎಲ್ಲಿಗಾದರೂ ಬರುತ್ತೇನೆ. ಪ್ರತಿಯೊಂದರಲ್ಲೂ 2014ರ ನಾನೇ ಕಾಣುತ್ತೇನೆ, ಎದೆ ಚುರ್ ಅನ್ನುತ್ತದೆ. ಆದರೂ ಪಕ್ಕಕ್ಕೆ ಇಡಬೇಕಾಗುತ್ತದೆ. ಆ ಹುಡುಗನಿಗೆ ಏನು ಬರುತ್ತದೆ ಅಂತ ಅವನೇ ಹೇಳಿಲ್ಲವಲ್ಲ.

ಹಾಗಾಗಿ ದಿನಕ್ಕೆ 40 ಅರ್ಜಿ ಇವತ್ತೇ ನಿಲ್ಲಿಸಿ. ವಾರಕ್ಕೆ ಮೂರು ಸಾಕು. ಆದರೆ ಆ ಮೂರು ಕಂಪನಿ ಏನು ಮಾಡುತ್ತವೆ, ಯಾರಿಗೆ ಮಾಡಿಕೊಡುತ್ತವೆ ಅಂತ ನಿಮಗೆ ಗೊತ್ತಿರಬೇಕು. ರೆಸ್ಯೂಮೆಯ ಮೊದಲ ಸಾಲಿನಲ್ಲಿ ನಿಮ್ಮ ಕೈಗೆ ಬರುವುದನ್ನು ಬರೆಯಿರಿ. ಏನೂ ಬರುವುದಿಲ್ಲ ಅಂದರೆ ಮೊದಲು ಒಂದನ್ನು ಕಲಿಯಿರಿ. ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಬೇರೆ ಊರುಗಳಲ್ಲೂ ಕೇಂದ್ರಗಳಿವೆ. ಅಲ್ಲಿ ಸಣ್ಣ ಅವಧಿಯ ಕೋರ್ಸುಗಳಿವೆ. ಅಪ್ರೆಂಟಿಸ್ ಆಗುವುದನ್ನು ಕೀಳಾಗಿ ನೋಡಬೇಡಿ. ಪದವೀಧರರಿಗೂ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಇದೆ. ಸ್ಟೈಪೆಂಡ್ ಕಡಿಮೆ, ನಿಜ. ಆದರೆ ಶಾಪ್ ಫ್ಲೋರಿನ ಒಳಗೆ ಕಾಲಿಡಲು ಅದಕ್ಕಿಂತ ನೇರ ದಾರಿ ನನಗೆ ಗೊತ್ತಿಲ್ಲ. ಕೆಲಸ ಕೊಡಿಸುತ್ತೇವೆ ಅಂತ ಯಾರೇ ದುಡ್ಡು ಕೇಳಿದರೂ ಎದ್ದು ಬನ್ನಿ. ಒಂದು ರೂಪಾಯಿ ಕೊಡಬೇಡಿ.

ಸರ್ಕಾರಿ ಪರೀಕ್ಷೆ ಬರೆಯಲೋ ಬೇಡವೋ ಅಂತಲೂ ಕೇಳಿದ್ದೀರಿ. ಆ ಕೆಲಸವೇ ಬೇಕು ಅಂತಿದ್ದರೆ ಬರೆಯಿರಿ. ಬೇರೇನೂ ಸಿಗುತ್ತಿಲ್ಲ ಅಂತ ಬರೆಯುವುದಾದರೆ, ಅದೂ ಇನ್ನೊಂದು 'ಏನಾದ್ರೂ' ಅಷ್ಟೇ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಇದೆ. ಕಾಲೇಜ್ ಪ್ರಾಜೆಕ್ಟಿಗೆ ಲೇತ್ ಮೇಲೆ ಒಂದು ಪಾರ್ಟ್ ಮಾಡುವಾಗ ಊಟವನ್ನೇ ಮರೆತಿದ್ದೆ ಅಂತ. ಅದನ್ನು ನೀವು ಸುಮ್ನೆ ಬರೆದಿರಬಹುದು, ನಾನು ಮೂರು ಸಲ ಓದಿದೆ. ಅದು ಯಾವ ಪಾರ್ಟ್? ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆದರೂ ನಡೆಯುತ್ತದೆ ಅನ್ನುವ ಮಿತಿ) ಎಷ್ಟು ಕೊಟ್ಟಿದ್ದರು, ನಿಮ್ಮ ಕೈಯಲ್ಲಿ ಎಷ್ಟು ಬಂತು? ಯಾವುದರಲ್ಲಿ ಅಳೆದಿರಿ? ಆ ಡ್ರಾಯಿಂಗ್ ಇನ್ನೂ ಇದ್ದರೆ ಒಂದು ಫೋಟೋ ತೆಗೆದು ಇಲ್ಲಿಯೇ ಹಾಕಿ. ನಿಮ್ಮ ರೆಸ್ಯೂಮೆಯ ಮೊದಲ ಸಾಲನ್ನು ಅದರಿಂದಲೇ ಬರೆಯೋಣ.