ಸಮಾಲೋಚಕರ ಕಣ್ಣು ತುಂಬಿಬಂದರೆ

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ಆಪ್ತಸಮಾಲೋಚಕಿಯೊಬ್ಬರ ಬಳಿ ಹೋಗುತ್ತಿದ್ದೇನೆ. ಕಳೆದ ಸಲ ಆಸ್ಪತ್ರೆಯಲ್ಲಿ ಕಳೆದ ಕೊನೆಯ ರಾತ್ರಿಯ ಬಗ್ಗೆ ಹೇಳುವಾಗ ಅವರ ಕಣ್ಣು ತುಂಬಿಬಂತು. ಅವರನ್ನು ಮತ್ತೆ ನೋಯಿಸಬಾರದೆಂದು ಈಗ ಮಾತನ್ನು ನುಂಗಿಕೊಳ್ಳುತ್ತಿದ್ದೇನೆ. ಚಿಕಿತ್ಸಕರು ಇಷ್ಟು ಭಾವುಕರಾಗಬಹುದೇ? ಬೇರೆಯವರ ಬಳಿ ಹೋಗಲೇ?
— ಹೆಸರು ಬೇಡ

ಉತ್ತರ: ಅವರ ಕಣ್ಣೀರಿಗಿಂತ ನಿಮ್ಮ ಹಿಂಜರಿಕೆಯೇ ನನ್ನ ಗಮನ ಸೆಳೆಯಿತು. ಅವರು ನಿಮ್ಮನ್ನು ನೋಡಿಕೊಳ್ಳಬೇಕಾದ ಜಾಗದಲ್ಲಿ ನೀವೇ ಅವರನ್ನು ನೋಡಿಕೊಳ್ಳಲು ಹೊರಟಿದ್ದೀರಿ. ಮನೆಯಲ್ಲಿಯೂ ಎಲ್ಲರಿಗೂ ಧೈರ್ಯ ಹೇಳುವ ಕೆಲಸ ನಿಮ್ಮದೇ ಆಗಿತ್ತೇ? ಹಾಗಿದ್ದರೆ ಚಿಕಿತ್ಸೆಯಲ್ಲಿ ಮಾತಾಡಲೇಬೇಕಾದ ವಿಷಯ ತಾನಾಗಿಯೇ ಎದುರಿಗೆ ಬಂದಿದೆ.

ಚಿಕಿತ್ಸಕರಲ್ಲಿ ರೋಗಿಯ ಬಗ್ಗೆ ಏಳುವ ಭಾವನೆಗಳಿಗೆ ‘ಕೌಂಟರ್‌ಟ್ರಾನ್ಸ್‌ಫರೆನ್ಸ್’ ಎನ್ನುತ್ತಾರೆ. 1910ರಲ್ಲಿ ಇದರ ಬಗ್ಗೆ ಮಾತಾಡಿದ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ಗೆ ಇದು ಗುರುತಿಸಿ ಹತೋಟಿಗೆ ತರಬೇಕಾದ ಅಡ್ಡಿಯಾಗಿ ಕಂಡಿತ್ತು. 1949ರಲ್ಲಿ ಬ್ರಿಟನ್ನಿನ ಮನೋವಿಶ್ಲೇಷಕ ವಿನ್ನಿಕಾಟ್, ಚಿಕಿತ್ಸಕನಿಗೆ ಕೆಲವು ರೋಗಿಗಳ ಮೇಲೆ ದ್ವೇಷವೂ ಹುಟ್ಟುತ್ತದೆ, ಅದನ್ನು ತನ್ನೊಳಗಾದರೂ ಒಪ್ಪಿಕೊಳ್ಳದೆ ಗತಿಯಿಲ್ಲ ಎಂದು ಬರೆದರು. ಮರುವರ್ಷ ಮನೋವಿಶ್ಲೇಷಕಿ ಪೌಲಾ ಹೈಮನ್ ಇನ್ನೂ ಮುಂದೆ ಹೋಗಿ, ಈ ಭಾವನೆಗಳೇ ರೋಗಿಯ ಮನಸ್ಸನ್ನು ಅರಿಯುವ ಸಾಧನ ಎಂದರು. ಇಂದು ಬಹುತೇಕ ಚಿಕಿತ್ಸಕರು ಇದು ಅಡ್ಡಿಯೂ ಹೌದು, ಸಾಧನವೂ ಹೌದು ಎಂದು ಒಪ್ಪುತ್ತಾರೆ. ಸಾವಿನಂಥ ಸಂಗತಿಯನ್ನು ಒಬ್ಬರು ವರದಿ ಓದಿದಂತೆ ಹೇಳುತ್ತಿರುವಾಗ ಕೇಳುವವರಿಗೆ ಆಕಳಿಕೆ ಬಂದರೆ, ಅದು ಬರೀ ದಣಿವಾಗಿರಬೇಕಿಲ್ಲ. ಹೇಳುವವರು ದುಃಖವನ್ನು ದೂರವಿಟ್ಟಿರುವ ಸುಳಿವೂ ಆಗಿರಬಹುದು. ಚಿಕಿತ್ಸಕರ ಸ್ವಂತ ಹಳೆಯ ಗಾಯ ಕೆದಕಿದ್ದೂ ಇರಬಹುದು. ಯಾವುದು ಯಾವುದೆಂದು ಬಿಡಿಸಿಕೊಳ್ಳಲೆಂದೇ ಅವರು ಅನುಭವಿ ಹಿರಿಯರ ಮಾರ್ಗದರ್ಶನ ಪಡೆಯುತ್ತಾರೆ. ಪಡೆಯಬೇಕು ಎನ್ನುವುದೇ ಸರಿ, ಎಲ್ಲರೂ ಪಡೆಯುವುದಿಲ್ಲ.

ನನ್ನನ್ನು ಕೇಳಿದರೆ, ಕಣ್ಣೀರಿಗಿಂತ ಹೆಚ್ಚು ಕೆಡಿಸುವುದು ಅಕ್ಕರೆ. ಸಿಟ್ಟು ಬಂದರೆ ಚಿಕಿತ್ಸಕರು ಎಚ್ಚೆತ್ತುಕೊಳ್ಳುತ್ತಾರೆ. ಇಷ್ಟವಾದ ರೋಗಿಯ ವಿಷಯದಲ್ಲಿ ಆ ಎಚ್ಚರ ಇರುವುದಿಲ್ಲ. ಭೇಟಿಯ ಸಮಯ ಹತ್ತು ನಿಮಿಷ ಹಿಗ್ಗುತ್ತದೆ. ‘ಈ ಬಾರಿಯೂ ಕುಡಿದಿರಾ?’ ಎಂದು ಕೇಳಬೇಕಾದ ಕಡೆ ‘ಪಾಪ, ಎಷ್ಟು ಕಷ್ಟ ನಿಮಗೆ’ ಎಂಬ ಮಾತು ಬರುತ್ತದೆ. ಇಬ್ಬರಿಗೂ ಹಿತವಾಗಿರುತ್ತದೆ, ಚಿಕಿತ್ಸೆ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ನಿಮ್ಮ ಸಮಾಲೋಚಕಿಯ ಕಣ್ಣು ಒದ್ದೆಯಾದ ಮೇಲೆ ಏನಾಯಿತು ಎಂದು ನೆನಪಿಸಿಕೊಳ್ಳಿ. ಒಂದು ಗಳಿಗೆ ಸುಮ್ಮನಿದ್ದು ಮತ್ತೆ ನಿಮ್ಮ ಮಾತಿಗೇ ಕಿವಿಗೊಟ್ಟರೆ ಚಿಂತೆಗೆ ಕಾರಣವಿಲ್ಲ. ತಮ್ಮ ಮನೆಯ ಸಾವಿನ ಕಥೆ ತೆಗೆದು, ಅವರನ್ನು ಸಮಾಧಾನಪಡಿಸುವ ಸ್ಥಿತಿಗೆ ನಿಮ್ಮನ್ನು ತಂದರೆ ಅದು ಸರಿಯಲ್ಲ. ಒಮ್ಮೆ ನಡೆದಿದ್ದರೆ ಕೇಳಿ ನೋಡಿ. ಮತ್ತೆ ಮತ್ತೆ ನಡೆದರೆ ಬೇರೆಯವರನ್ನು ಹುಡುಕಿ. ಪ್ರಣಯದ ಮಾತು ಅಥವಾ ಲೈಂಗಿಕ ವರ್ತನೆ ಯಾವ ಚಿಕಿತ್ಸಕರಿಂದ ಬಂದರೂ ಎರಡನೆಯ ಅವಕಾಶ ಕೊಡಬೇಡಿ. ಅಲ್ಲಿಂದ ಹೊರಬನ್ನಿ, ದೂರು ಕೊಡಿ.

ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಆದ್ದರಿಂದ ಈಗಲೇ ಅವರನ್ನು ಬಿಡಬೇಡಿ. ಮುಂದಿನ ಭೇಟಿಯಲ್ಲಿ ನನಗೆ ಬರೆದದ್ದನ್ನೇ ಅವರಿಗೂ ಹೇಳಿ: ‘ಅಂದು ನೀವು ಅತ್ತದ್ದು ಕಂಡೆ. ಆಮೇಲೆ ನಾನು ಅಳೆದು ತೂಗಿ ಮಾತಾಡುತ್ತಿದ್ದೇನೆ.’ ಹೀಗೆ ಹೇಳುವುದು ಅವಮಾನವಾದೀತೆಂಬ ಅಳುಕು ಬೇಡ. ಇಂಥ ಮಾತನ್ನು ಕೇಳಿಸಿಕೊಳ್ಳುವುದು ಅವರ ಕೆಲಸದ ಭಾಗವೇ, ಮತ್ತು ಸಂಬಂಧದಲ್ಲಿ ಬಿದ್ದ ಬಿರುಕನ್ನು ಇಬ್ಬರೂ ಕೂತು ಸರಿಪಡಿಸಿಕೊಂಡರೆ ಚಿಕಿತ್ಸೆ ಅನೇಕ ಸಲ ಮೊದಲಿಗಿಂತ ಗಟ್ಟಿಯಾಗುತ್ತದೆ. ಅವರು ಸಮರ್ಥನೆಗೆ ಇಳಿಯುತ್ತಾರೋ, ನಿಮ್ಮ ಹಿಂಜರಿಕೆಯ ಬಗ್ಗೆ ಕುತೂಹಲದಿಂದ ವಿಚಾರಿಸುತ್ತಾರೋ ಎಂಬುದರ ಮೇಲೆ ಮುಂದುವರಿಯುವ ನಿರ್ಧಾರ ಮಾಡಿ. ಒಂದೇ ಸೂಚನೆ: ಈ ಮಾತನ್ನು ಆರಂಭದಲ್ಲೇ ಎತ್ತಿ. ಏಳುವ ಹೊತ್ತಿಗೆ ಎತ್ತಿದರೆ ಉತ್ತರಕ್ಕೆ ಇನ್ನೊಂದು ವಾರ ಕಾಯಬೇಕಾಗುತ್ತದೆ.