ಕೋಡ್ ಬರಲಿಲ್ಲ ಅಂದರೆ ಇಸಿಯು ಹೋಯ್ತು ಅಂತಲ್ಲ

ಪ್ರಶ್ನೆ: ನಮ್ಮದು ಪ್ರವಾಸಿಗರ ದೋಣಿ. 4 ಸ್ಟ್ರೋಕ್ ಇಂಜೆಕ್ಷನ್ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗೆ ಕೂರಿಸುವಂಥದ್ದು). ಜೆಟ್ಟಿಯಲ್ಲಿ ಚೆನ್ನಾಗಿ ಓಡುತ್ತದೆ. ಅಳಿವೆ ದಾಟಿ ಥ್ರಾಟಲ್ ಕೊಟ್ಟರೆ 3500 ಆರ್‌ಪಿಎಂ ದಾಟುವುದಿಲ್ಲ, ಮುಗ್ಗರಿಸುತ್ತದೆ. ಅಲಾರಂ ಇಲ್ಲ. ಮೆಕ್ಯಾನಿಕ್ ಲ್ಯಾಪ್‌ಟಾಪ್ ಹಾಕಿದರು, ದೋಷ ತೋರಿಸುವ ಕೋಡ್ ಇಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ ಅನ್ನುತ್ತಾರೆ. ಬದಲಿಸಲೇ? (ಮಲ್ಪೆ)

ಉತ್ತರ: ಬೇಡ. ಲ್ಯಾಪ್‌ಟಾಪಿಗೆ ‘ಕೋಡ್ ಇಲ್ಲ’ ಅಂತ ಹೇಳಿದ್ದು ಯಾರು? ಅದೇ ಇಸಿಯು ಅಲ್ವಾ? ಸತ್ತವರು ಮಾತಾಡುತ್ತಾರೆಯೇ? ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಇದೇ ಪ್ರಶ್ನೆ ಬರುತ್ತದೆ. ನನಗಂತೂ ಸಾಕಾಗಿದೆ.

ಇಸಿಯುಗೆ ಸೆನ್ಸರ್ ಇದ್ದಷ್ಟೇ ಕಣ್ಣು. ಇಂಥ ಬಹಳಷ್ಟು ಎಂಜಿನ್‌ಗಳಲ್ಲಿ ಪೆಟ್ರೋಲ್ ಒತ್ತಡ ಅಳೆಯುವ ಸೆನ್ಸರೇ ಇರುವುದಿಲ್ಲ. ಪೆಟ್ರೋಲ್ ಸಾಲದೆ ಎಂಜಿನ್ ಒದ್ದಾಡಿದರೂ ಅದಕ್ಕೆ ತಿಳಿಯದು. ಜೆಟ್ಟಿಯಲ್ಲಿ ಬೇಕಾಗುವುದು ಗುಟುಕು ಪೆಟ್ರೋಲ್, ಹಾಗಾಗಿ ಅಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪರೀಕ್ಷೆ ನೀರಿನಲ್ಲಿ, ಲೋಡ್ ಇರುವಾಗಲೇ ಆಗಬೇಕು.

ಒಬ್ಬರು ದೋಣಿ ನಡೆಸಲಿ. ಮುಗ್ಗರಿಸುವ ಹೊತ್ತಿಗೆ ಇನ್ನೊಬ್ಬರು ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಅದುಮಲಿ. ಎಂಜಿನ್ ಚೇತರಿಸಿಕೊಂಡರೆ ಟ್ಯಾಂಕಿನಿಂದ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ, ಇಲ್ಲವೇ ಅದನ್ನು ಎಳೆಯುವ ಮೊದಲ ಪಂಪೇ ಸೋತಿದೆ. ಬಲ್ಬ್ ಚಪ್ಪಟೆಯಾಗಿ ಒಳಗೆ ಹೋಗಿದೆಯೇ? ಟ್ಯಾಂಕಿನ ಗಾಳಿ ತೂತು ನೋಡಿ. ಅದರ ತಿರುಪು ಬಿಚ್ಚಲು ಮರೆತಿದ್ದಕ್ಕೆ ಸಾವಿರಾರು ರೂಪಾಯಿ ಸುರಿದವರನ್ನು ಕಂಡಿದ್ದೇನೆ.

ಆಮೇಲೆ ವಾಟರ್ ಸೆಪರೇಟರ್ (ಪೆಟ್ರೋಲಿನಿಂದ ನೀರು ಬೇರ್ಪಡಿಸುವ) ಫಿಲ್ಟರಿನಲ್ಲಿರುವುದನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ. ಈಗ ಬಂಕಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಬಾಟಲಿಯಲ್ಲಿ ಎರಡು ಪದರ ಕಂಡರೆ ಇಡೀ ಟ್ಯಾಂಕ್ ಖಾಲಿ ಮಾಡಿ. ಹೊಸ ಪೆಟ್ರೋಲ್ ಬೆರೆಸಿ ಓಡಿಸುವ ಜಿಪುಣತನ ಬೇಡ.

ಇಷ್ಟಕ್ಕೂ ಸಿಗದಿದ್ದರೆ ಒತ್ತಡದ ಗೇಜ್ ಹಾಕಿಸಿ, ಓಡುವಾಗ ಸರ್ವಿಸ್ ಪುಸ್ತಕದ ಅಂಕಿಗೆ ಹೋಲಿಸಿ. ಒತ್ತಡ ಅದಕ್ಕಿಂತ ಇಳಿದರೆ ವೇಪರ್ ಸೆಪರೇಟರ್ (ಪೆಟ್ರೋಲಿನಿಂದ ಆವಿ ಬೇರ್ಪಡಿಸುವ ಪುಟ್ಟ ತೊಟ್ಟಿ) ಒಳಗಿನ ಜಾಲರಿ ಕಟ್ಟಿರಬಹುದು, ಇಲ್ಲವೇ ಒಳಗಿನ ಹೈಪ್ರೆಷರ್ ಪಂಪ್ ದುರ್ಬಲವಾಗಿರಬಹುದು. ಪೈಪ್ ಬಿಚ್ಚುವ ಮುಂಚೆ ಒತ್ತಡ ಇಳಿಸಿ. ಬೀಡಿ ಸೇದುವವರನ್ನು ದೋಣಿಯಿಂದ ಇಳಿಸಿ. ನಾನು ಹತ್ತಿರಕ್ಕೂ ಬಿಡುವುದಿಲ್ಲ.

ಪ್ರಶ್ನೆ: ಕಾರಿನ ಬ್ಲೂಟೂತ್ ಸ್ಕ್ಯಾನರ್ ಔಟ್‌ಬೋರ್ಡಿಗೆ ಆಗುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಪ್ಲಗ್ಗೇ ಕೂರುವುದಿಲ್ಲ.

ಪ್ರಶ್ನೆ: ಕೋಡ್ ಅಳಿಸಿದರೆ ದೋಷ ಹೋಗುತ್ತದೆಯೇ?

ಉತ್ತರ: ಥರ್ಮಾಮೀಟರ್ ಒಡೆದರೆ ಜ್ವರ ಹೋಗುತ್ತದೆಯೇ?

ಪ್ರಶ್ನೆ: ಎಂಜಿನ್ ಓಡುವಾಗ ಬ್ಯಾಟರಿ ವೈರ್ ತೆಗೆದು ಚಾರ್ಜಿಂಗ್ ನೋಡಬಹುದಂತೆ, ನಿಜವೇ?

ಉತ್ತರ: ಹಾಗೆ ಹೇಳಿದವರನ್ನು ಎಂಜಿನ್ ಹತ್ತಿರ ಸೇರಿಸಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ರೆಕ್ಟಿಫೈಯರ್ (ಚಾರ್ಜಿಂಗ್ ಕರೆಂಟನ್ನು ಡಿಸಿ ಮಾಡುವ ಭಾಗ) ಸುಡಬಹುದು, ಆಗ ಇಸಿಯು ನಿಜವಾಗಿಯೂ ಹೋಗಬಹುದು. ಮಲ್ಟಿಮೀಟರ್ ಇದೆಯಲ್ಲ, ಅದನ್ನು ಬ್ಯಾಟರಿಗೆ ಹಿಡಿಯಿರಿ.