ಕೈಲಾಸವನ್ನು ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತುತ್ತಾರೆಯೇ?

ಪ್ರಶ್ನೆ: ಕೈಲಾಸ ಪರ್ವತವನ್ನು ಕೆಲವರು ಅಪ್ರದಕ್ಷಿಣವಾಗಿ ಸುತ್ತುತ್ತಾರೆ ಎಂಬುದು ನಿಜವೇ? 68 ವರ್ಷದ ನಮ್ಮ ತಂದೆಯವರು ಈ ಯಾತ್ರೆ ಮಾಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. ಹಿಂದೂಗಳೂ ಬೌದ್ಧರೂ ಪರ್ವತವನ್ನು ಬಲಕ್ಕಿಟ್ಟುಕೊಂಡು ನಡೆದರೆ, ಟಿಬೆಟ್ಟಿನ ಬೋನ್ ಧರ್ಮದವರು ಅದನ್ನು ಎಡಕ್ಕಿಟ್ಟುಕೊಂಡು ನಡೆಯುತ್ತಾರೆ. ಅವರ ಪಾಲಿಗೆ ಅದು ಅಶುಭವಲ್ಲ, ಪರಂಪರೆಯಿಂದ ಬಂದ ಪವಿತ್ರ ಕ್ರಮವೇ ಆಗಿದೆ. ಹೀಗೆ ಎದುರುಬದುರಾಗಿ ಬರುವ ಭಕ್ತರು ಒಂದೇ ಹಾದಿಯಲ್ಲಿ ಸಂಧಿಸುವುದು ಈ ಕ್ಷೇತ್ರದ ದೊಡ್ಡ ಹಿರಿಮೆಯೆಂದು ನಾನು ಭಾವಿಸುತ್ತೇನೆ. ಆದಿತೀರ್ಥಂಕರ ವೃಷಭನಾಥರು ನಿರ್ವಾಣ ಹೊಂದಿದ ಅಷ್ಟಾಪದವೂ ಇಲ್ಲಿಯೇ ಇದೆಯೆಂಬುದು ಜೈನರ ನಂಬಿಕೆ. ಗೊಮ್ಮಟನ ತಂದೆಯಾದ ಅವರು ನಿಮ್ಮ ಜಿಲ್ಲೆಯವರಿಗೆ ಅಪರಿಚಿತರಲ್ಲ.

ತಂದೆಯವರ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯವು ನಡೆಸುವ ಯಾತ್ರೆಗೆ 70 ವರ್ಷದವರೆಗಿನವರು ಅರ್ಜಿ ಸಲ್ಲಿಸಬಹುದಾದರೂ, ದೆಹಲಿಯಲ್ಲಿ ನಡೆಯುವ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗದವರನ್ನು ಮುಂದೆ ಕಳುಹಿಸುವುದಿಲ್ಲ. ಪರಿಕ್ರಮದ ಹಾದಿ ಸುಮಾರು 52 ಕಿ.ಮೀ. ಉದ್ದವಿದ್ದು, ಅದರ ಅತಿ ಎತ್ತರದ ಡೋಲ್ಮಾ ಲಾ ಕಣಿವೆದಾರಿಯು 5,600 ಮೀಟರ್‌ಗೂ ಮೇಲಿರುವುದರಿಂದ, ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಊರಿನಲ್ಲಿ ದಿನವೂ ನಡೆಯುವ ಗಟ್ಟಿಮುಟ್ಟಾದವರನ್ನೂ ಎತ್ತರದ ಕಾಯಿಲೆ ಬಿಡುವುದಿಲ್ಲ. ಕುಳಿತಲ್ಲಿಯೇ ಏದುಸಿರು ಬಂದರೆ ಅಥವಾ ಮಾತು ತೊದಲಿದರೆ ಬೆಳಗಾಗುವವರೆಗೆ ಕಾಯದೆ ಕೆಳಗಿಳಿಸಬೇಕು. ಹೃದಯ ಹಾಗೂ ಶ್ವಾಸಕೋಶದ ತಪಾಸಣೆಯನ್ನು ಅರ್ಜಿ ಸಲ್ಲಿಸುವ ಮೊದಲೇ ಮಾಡಿಸಿರಿ.